ಗಂಟಿನ ಅಳತೆಯಲ್ಲಿ ಕಟ್ಟಿದ ಗೂಡುದೀಪ

ಈ ಸಲದ ದೀಪಾವಳಿಗೆ ನಮ್ಮ ಮನೆಯ ಗೂಡುದೀಪ, ಅಂದರೆ ಆಕಾಶಬುಟ್ಟಿ, ಕಟ್ಟಿದ್ದು ನನ್ನ ಮಗ. ಅವನಿಗೆ 11 ವರ್ಷ. ಕಣ್ಣು ಕಾಣುವುದಿಲ್ಲ. ಎದುರಿಗೆ ಬೆಳಕು ಇದೆಯೋ ಇಲ್ಲವೋ, ಅಷ್ಟು ಮಾತ್ರ ಗೊತ್ತಾಗುತ್ತದೆ. ಕಡ್ಡಿ ಕೊಯ್ದದ್ದು, ಕಟ್ಟಿದ್ದು, ಮೂಲೆ ಸರಿ ಇದೆಯಾ ಅಂತ ಪರೀಕ್ಷೆ ಮಾಡಿದ್ದು, ಕಾಗದ ಹರಿದು ಅಂಟಿಸಿದ್ದು ಎಲ್ಲ ಅವನೇ. ನಾನು ಬಿದಿರು ಸೀಳಿದೆ, ಅಳತೆ ಹಲಗೆ ಮಾಡಿಕೊಟ್ಟೆ, ಒಲೆಯ ಮೇಲೆ ಅಂಟು ಕಾಯಿಸಿದೆ.

ಕೆಲಸದ ಈ ಪಾಲು ಮೊದಲೇ ಹೇಳಲು ಕಾರಣ ಇದೆ. ಕಣ್ಣು ಕಾಣದ ಮಗು ಏನಾದರೂ ಮಾಡಿತು ಅಂದರೆ ಜನ ನಂಬುವುದಿಲ್ಲ. ದೊಡ್ಡವರು ಮಾಡಿ ಮುಗಿಸಿ, ಕೊನೆಗೆ ಮಗುವಿನ ಕೈಗೆ ಅಂಟಿನ ಬಾಟಲಿ ಕೊಟ್ಟು ಫೋಟೋ ತೆಗೆದಿರಬೇಕು ಅಂತ ಅಂದುಕೊಳ್ಳುತ್ತಾರೆ. ತುಂಬಾ ಕಡೆ ಹಾಗೇ ಆಗುತ್ತದೆ ಕೂಡ. ನನ್ನ ಮಗನಿಗೂ ಆಗಿದೆ. ಒಂದು ಪ್ರದರ್ಶನದಲ್ಲಿ ಅವನ ಹೆಸರು ಬರೆದ ಮಾದರಿಯನ್ನು ಅವನು ಅವತ್ತೇ ಮೊದಲ ಸಲ ಮುಟ್ಟಿದ್ದು. ಮನೆಗೆ ಬಂದು, "ಅಮ್ಮ, ಅದು ನಾನು ಮಾಡಿದ್ದಲ್ಲ" ಅಂದ. ಆ ಮಾತು ನನಗೆ ಬಹಳ ನೋವು ಕೊಟ್ಟಿತು. ಅವನ ಕೈಗೆ ಮುಗಿದ ವಸ್ತು ಕೊಡಬಾರದು, ಕೆಲಸ ಕೊಡಬೇಕು. ಅದು ಅವನ ಕೈಗೆ ಸಿಗುವ ಹಾಗೆ ಜೋಡಿಸಿಡುವುದು ನನ್ನ ಪಾಲು. ಈ ಗೂಡುದೀಪದ ಲೆಕ್ಕವೆಲ್ಲ ಅಲ್ಲಿಂದ ಶುರುವಾದದ್ದು.

ನಮ್ಮದು ಕಟಪಾಡಿ ಹತ್ತಿರದ ಮನೆ. ಮಂಗಳೂರು, ಉಡುಪಿ ಕಡೆ ದೀಪಾವಳಿಗೆ ಗೂಡುದೀಪ ಇಲ್ಲದ ಮನೆ ಕಡಿಮೆ. ಈಗ ಅಂಗಡಿಯಲ್ಲಿ ಪ್ಲಾಸ್ಟಿಕ್‌ನದ್ದು ಮಡಚಿಟ್ಟು ಮಾರುತ್ತಾರೆ. ಬಿಡಿಸಿ ತೂಗುಹಾಕಿದರೆ ಆಯಿತು. ನಾನು ಹೊಲಿಗೆ ಕೆಲಸ ಮಾಡುವವಳು. ಅಳತೆ ತೆಗೆದು, ಕತ್ತರಿಸಿ, ಜೋಡಿಸುವುದು ನನ್ನ ದಿನದ ಕೆಲಸ. ಮಗ ಮಷಿನ್ ಪಕ್ಕದಲ್ಲೇ ಕೂತು ಬೆಳೆದವನು. ಹಾಗಾಗಿ ಬಿದಿರಿನ ಗೂಡುದೀಪವೇ ಕಟ್ಟೋಣ ಅಂತ ಇಬ್ಬರೂ ಸೇರಿ ತೀರ್ಮಾನ ಮಾಡಿದೆವು.

"ಬೆಳಕು ಕಾಣದವನಿಗೆ ದೀಪ ಯಾಕೆ?" ಅಂತ ಒಬ್ಬರು ನೇರವಾಗಿಯೇ ಕೇಳಿದರು. ಅವನು ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗು. ಅಂಥ ಮಕ್ಕಳಲ್ಲಿ ಕಣ್ಣಿನ ಒಳಪರದೆಯ ರಕ್ತನಾಳಗಳು ಇನ್ನೂ ಪೂರ್ತಿ ಬೆಳೆದಿರುವುದಿಲ್ಲ. ಆಮೇಲೆ ಅಡ್ಡಾದಿಡ್ಡಿ ಬೆಳೆದು ಪರದೆಯನ್ನೇ ಎಳೆದು ಕಿತ್ತುಬಿಡಬಹುದು. ರೆಟಿನೋಪತಿ ಆಫ್ ಪ್ರಿಮೆಚ್ಯೂರಿಟಿ ಅನ್ನುತ್ತಾರೆ. ದೃಷ್ಟಿ ಹೋದ ಎಲ್ಲರಿಗೂ ಕತ್ತಲೆಯೇ ಇರುವುದಿಲ್ಲ. ನನ್ನ ಮಗನಿಗೆ ಕಿಟಕಿ ಯಾವ ಕಡೆ ಅಂತ ಗೊತ್ತಾಗುತ್ತದೆ. ಕತ್ತಲೆ ಅಂಗಳದಲ್ಲಿ ದೀಪ ಉರಿದರೆ ಮುಖ ಅತ್ತ ತಿರುಗುತ್ತದೆ. ಇದರ ಜೊತೆಗೆ ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಿಮ್ಮ ಮನೆಯಲ್ಲಿ, ನೆಂಟರಲ್ಲಿ ಯಾರಿಗಾದರೂ ಮಗು ಅವಧಿಗೆ ಮೊದಲೇ ಹುಟ್ಟಿದರೆ, ಹುಟ್ಟಿದ 30 ದಿನದೊಳಗೆ ಕಣ್ಣಿನ ಒಳಪರದೆಯ ಪರೀಕ್ಷೆ ಆಗಲೇಬೇಕು. ತೀರಾ ಸಣ್ಣ ಮಗುವಾದರೆ ಇನ್ನೂ ಬೇಗ. ಸಮಯಕ್ಕೆ ಸಿಕ್ಕಿದರೆ ಲೇಸರ್ ಚಿಕಿತ್ಸೆಯಿಂದ ಎಷ್ಟೋ ಮಕ್ಕಳ ದೃಷ್ಟಿ ಉಳಿಯುತ್ತದೆ. ಯಾರೂ ಹೇಳದಿದ್ದರೂ ನೀವೇ ಕೇಳಿ ಮಾಡಿಸಿ.

ಈಗ ಗೂಡಿಗೆ ಬರೋಣ.

ಆಕಾರ

ನಮ್ಮೂರಿನ ಹಳೇ ಗೂಡುದೀಪದ ಆಕಾರ ನೆನಪು ಮಾಡಿಕೊಳ್ಳಿ. ಮೇಲೆ ಒಂದು ಚೌಕ, ಕೆಳಗೆ ಒಂದು ಚೌಕ. ಸುತ್ತಲೂ ಮೂಲೆಯ ಮೇಲೆ ನಿಂತ ನಾಲ್ಕು ಚೌಕ. ಉಳಿದ ಸಂದಿಯಲ್ಲಿ ತ್ರಿಕೋನಗಳು, ಮೇಲ್ಗಡೆ ನಾಲ್ಕು, ಕೆಳಗಡೆ ನಾಲ್ಕು. ಗಣಿತದವರು ಇದನ್ನು ಕ್ಯೂಬೋಕ್ಟಾಹೆಡ್ರನ್ ಅನ್ನುತ್ತಾರೆ. 6 ಚೌಕ, 8 ತ್ರಿಕೋನ, 12 ಮೂಲೆ, 24 ಅಂಚು. ಎಲ್ಲ ಅಂಚೂ ಒಂದೇ ಉದ್ದ.

ಮುಟ್ಟಿ ಕೆಲಸ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಆಕಾರ ಸಿಗುವುದು ಕಷ್ಟ. ಒಂದೇ ಉದ್ದದ 24 ಕಡ್ಡಿ ಇದ್ದರೆ ಸಾಕು. ಯಾವ ಕಡ್ಡಿ ಎಲ್ಲಿಗೆ ಅಂತ ಹುಡುಕಬೇಕಾಗಿಲ್ಲ. ಆರು ಚೌಕ ಬೇರೆ ಬೇರೆಯಾಗಿ ಕಟ್ಟಿಕೊಂಡು, ಮೂಲೆಗೆ ಮೂಲೆ ಸೇರಿಸಿದರೆ ಗೂಡು ಆಗುತ್ತದೆ. ತ್ರಿಕೋನ ಕಟ್ಟುವ ಕೆಲಸವೇ ಇಲ್ಲ. ಮೂರು ಚೌಕ ಸೇರಿದ ಕಡೆ ಅದು ತಾನಾಗಿ ಬರುತ್ತದೆ.

ಇದನ್ನು ನಾನು ಮಗನಿಗೆ ಮೊದಲೇ ಹೇಳಲಿಲ್ಲ. ಚೌಕ ಸೇರಿಸುತ್ತಾ ಇದ್ದವನು ಬೆರಳು ಓಡಿಸಿ ನಿಲ್ಲಿಸಿದ. "ಅಮ್ಮ, ಇಲ್ಲಿ ಮೂರು ಕಡ್ಡಿಯದ್ದು ಒಂದು ಉಂಟು. ನಾವು ಕಟ್ಟಲೇ ಇಲ್ಲ ಅಲ್ವಾ?" ಆಮೇಲೆ ಎಂಟೂ ಸಿಗುವವರೆಗೆ ಗೂಡನ್ನು ಕೈಯಿಂದ ಬಿಡಲಿಲ್ಲ.

ಕಡ್ಡಿ ಮತ್ತು ಅಳತೆ ಹಲಗೆ

ಬಿದಿರನ್ನು ನಾನೇ ಸೀಳಿದೆ. ಕತ್ತಿ ಹಿಡಿಯುವ ಕೆಲಸ ಅದೊಂದೇ. ಹಸಿ ಬಿದಿರು ಚೆನ್ನಾಗಿ ಸೀಳುತ್ತದೆ, ಆದರೆ ಹಾಗೇ ಕಟ್ಟಿದರೆ ಒಣಗಿದ ಮೇಲೆ ಸೊರಗಿ ಗಂಟು ಸಡಿಲ ಆಗುತ್ತದೆ. ಸೀಳಿ, ಬಿಸಿಲಲ್ಲಿ ಒಣಗಿಸಿ, ಆಮೇಲೆ ಕೊಯ್ಯಬೇಕು. ಕಡ್ಡಿಯ ದಪ್ಪ 6 ಮಿಲಿಮೀಟರ್ ಆಸುಪಾಸು. ಹೊರಮೈ ಸಿಪ್ಪೆ ಇರುವ ಕಡ್ಡಿಯೇ ಗಟ್ಟಿ. ಒಳಗಿನ ಬಿಳಿ ಭಾಗ ಬೇಗ ಮುರಿಯುತ್ತದೆ.

ಸಿಬಿರು ಚುಚ್ಚದ ಹಾಗೆ ಪ್ರತಿಯೊಂದನ್ನೂ ಸ್ಯಾಂಡ್ ಪೇಪರ್‌ನಿಂದ ಉಜ್ಜಿದ್ದು ಅವನು. ಈ ಕೆಲಸದಲ್ಲಿ ಅವನ ಬೆರಳು ನನ್ನ ಕಣ್ಣಿಗಿಂತ ಚುರುಕು. ನನಗೆ ನುಣ್ಣಗೆ ಕಂಡ ಕಡ್ಡಿಯಲ್ಲಿ ಅವನು ಎರಡು ಕಡೆ ಸಿಬಿರು ಹುಡುಕಿದ.

ಕೊಯ್ಯುವುದಕ್ಕೆ ಒಂದು ಹಲಗೆ ಮಾಡಿದೆ. ನಮ್ಮ ಬದಿಯ ಆಚಾರಿಯವರು ಎರಡು ರೀಪು, ಅಂದರೆ ಮರದ ಪಟ್ಟಿಯ ತುಂಡು, ಕೊಟ್ಟರು. ಪ್ಲೈವುಡ್ ಮೇಲೆ ಆ ಎರಡು ರೀಪನ್ನು ಸಮಾನಾಂತರವಾಗಿ ಇಟ್ಟು, ಮಧ್ಯೆ ಕಡ್ಡಿ ಕೂರುವಷ್ಟೇ ಸಂದಿ ಬಿಟ್ಟು ಮೊಳೆ ಹೊಡೆದೆ. ಒಂದು ತುದಿಗೆ ಅಡ್ಡ ಮರ. ಕಡ್ಡಿಯನ್ನು ಸಂದಿಯಲ್ಲಿ ತಳ್ಳಿದರೆ ಅಡ್ಡ ಮರಕ್ಕೆ ಟಕ್ ಅಂತ ತಾಗುತ್ತದೆ. ಅಲ್ಲಿಂದ 27 ಸೆಂಟಿಮೀಟರ್ ದೂರದಲ್ಲಿ ಎರಡೂ ರೀಪಿಗೆ ಸೇರಿಸಿ ಒಂದು ಗೀರು ಕೊಯ್ದೆ. ಅದು ಕೆಳಗಿನ ಹಲಗೆಯವರೆಗೆ ಆಳ. ಹ್ಯಾಕ್ಸಾ ಬ್ಲೇಡ್ ಆ ಗೀರಿನಲ್ಲಿ ಇಟ್ಟು ಎಳೆದರೆ ಕಡ್ಡಿ ಸರಿಯಾಗಿ 27ಕ್ಕೆ ತುಂಡಾಗುತ್ತದೆ.

ಇನ್ನೆರಡು ಗೀರು ಇವೆ. ಒಂದು ಅಡ್ಡ ಮರದಿಂದ 1 ಸೆಂಟಿಮೀಟರ್‌ಗೆ, ಇನ್ನೊಂದು 26ಕ್ಕೆ. ಇವನ್ನು ಪೂರ್ತಿ ಆಳ ಕೊಯ್ಯಲಿಲ್ಲ. ಹಲಗೆಯಿಂದ ನಾಲ್ಕೂವರೆ ಮಿಲಿಮೀಟರ್ ಮೇಲೆಯೇ ನಿಲ್ಲಿಸಿದೆ. ಹಾಗಾಗಿ ಬ್ಲೇಡ್ ಎಷ್ಟು ಎಳೆದರೂ ಕಡ್ಡಿಯ ಮೇಲೆ ಸಣ್ಣ ಕಚ್ಚು ಮಾತ್ರ ಬೀಳುತ್ತದೆ, ತುಂಡಾಗುವುದಿಲ್ಲ. ಎರಡು ಕಚ್ಚಿನ ನಡುವೆ 25 ಸೆಂಟಿಮೀಟರ್. ಅದೇ ನಮ್ಮ ಗೂಡಿನ ನಿಜವಾದ ಅಳತೆ. ಆಚೀಚೆ ಉಳಿದ ಒಂದೊಂದು ಸೆಂಟಿಮೀಟರ್ ಗಂಟು ಜಾರದ ಹಾಗೆ ಹಿಡಿಯಲು. ಪೂರ್ತಿ ಕೊಯ್ಯುವ ಗೀರು ಯಾವುದು ಅಂತ ಗೊತ್ತಾಗಲು ಅದರ ಪಕ್ಕ ಒಂದು ಸ್ಕ್ರೂ ತಲೆ ಎದ್ದು ನಿಲ್ಲುವ ಹಾಗೆ ಬಿಟ್ಟೆ.

ಈ ಹಲಗೆ ಮಾಡಲು ಗೂಡು ಕಟ್ಟುವುದಕ್ಕಿಂತ ಜಾಸ್ತಿ ಹೊತ್ತು ಯೋಚಿಸಿದ್ದೇನೆ. ನಾನು ಪಕ್ಕದಲ್ಲಿ ಕೂತು "ಸ್ವಲ್ಪ ಎಡಕ್ಕೆ, ಇನ್ನೂ ಸ್ವಲ್ಪ" ಅಂತ ಹೇಳುತ್ತಾ ಇದ್ದರೆ ಕೆಲಸ ನನ್ನದೇ ಆಗುತ್ತದೆ, ಅವನ ಕೈ ಮಾತ್ರ ಓಡಾಡುತ್ತದೆ. ಹಲಗೆ ಇದ್ದರೆ ನಾನು ಅಡಿಗೆಮನೆಯಲ್ಲಿ ಇರಬಹುದು. ಟಕ್ ಅನ್ನುವ ಸದ್ದು, ಆಮೇಲೆ ಬ್ಲೇಡಿನ ಸದ್ದು ಕೇಳುತ್ತಾ ಇರುತ್ತದೆ, ಅಷ್ಟೇ.

ಒಂದು ನಿರ್ಧಾರವನ್ನು ಹಲಗೆಗೆ ಬಿಡಲಾಗುವುದಿಲ್ಲ. ಬಿದಿರಿನ ಗೆಣ್ಣು ಕಚ್ಚಿನ ಜಾಗಕ್ಕೆ ಬಂದರೆ ಅಲ್ಲಿ ಇನ್ನೊಂದು ಕಡ್ಡಿ ಕೂರುವುದಿಲ್ಲ. ಕೊಯ್ಯುವ ಮೊದಲು ಅವನು ಕಡ್ಡಿಯುದ್ದಕ್ಕೂ ಬೆರಳು ಎಳೆದು ಗೆಣ್ಣು ಎಲ್ಲಿ ಅಂತ ನೋಡಿಕೊಂಡು, ತುದಿ ಕತ್ತರಿಸಿ, ಗೆಣ್ಣು ಮಧ್ಯಕ್ಕೆ ಬರುವ ಹಾಗೆ ಮಾಡುತ್ತಿದ್ದ. ಯಾರೂ ಹೇಳಿಕೊಟ್ಟದ್ದಲ್ಲ.

ಕಚ್ಚಿನಲ್ಲಿ ಸಣ್ಣ ಗುಂಡು ಅರ ಇಟ್ಟು ನಾಲ್ಕೈದು ಸಲ ಎಳೆದರೆ ಒಂದು ಹಳ್ಳ ಆಗುತ್ತದೆ. ಎದುರಿನ ಕಡ್ಡಿ ಅದರಲ್ಲಿ ಕೂರುತ್ತದೆ. ಇದೂ ಅವನದೇ ಕೆಲಸ.

ಚೌಕ ಕಟ್ಟಿದ್ದು

ಎರಡು ಕಡ್ಡಿ ಕೆಳಗೆ, ಹಳ್ಳ ಮೇಲೆ ಬರುವ ಹಾಗೆ. ಅದರ ಮೇಲೆ ಅಡ್ಡಲಾಗಿ ಎರಡು, ಹಳ್ಳ ಕೆಳಗೆ ಬರುವ ಹಾಗೆ. ನಾಲ್ಕು ಮೂಲೆಗೂ ಟ್ವೈನ್ ದಾರದ ಕಟ್ಟು. ಮೊದಲು ಒಂದು ಕಡೆಯಿಂದ ಓರೆಯಾಗಿ ಮೂರು ಸುತ್ತು, ಆಮೇಲೆ ಇನ್ನೊಂದು ಕಡೆಯಿಂದ ಮೂರು ಸುತ್ತು, ಕೊನೆಗೆ ಎರಡು ಕಡ್ಡಿಯ ನಡುವೆ ದಾರ ಸುತ್ತಿ ಬಿಗಿಯುವುದು. ಈ ಕೊನೆಯ ಸುತ್ತು ಬಿಟ್ಟರೆ ಗಂಟು ನಿಲ್ಲುವುದಿಲ್ಲ. ಮೇಲೆ ಒಂದು ಹನಿ ಫೆವಿಕಾಲ್.

ಇದನ್ನು ಕಲಿಸಲು ನನಗೆ ಕಷ್ಟವೇ ಆಗಲಿಲ್ಲ. ಅದರ ಪುಣ್ಯ ಅವನ ಅಜ್ಜಿಗೆ ಸೇರಬೇಕು. ನಮ್ಮ ಕಡೆ, ಶಂಕರಪುರದ ಸುತ್ತಮುತ್ತ, ಮನೆಮನೆಯಲ್ಲಿ ಮಲ್ಲಿಗೆ ಗಿಡ. ಉಡುಪಿ ಮಲ್ಲಿಗೆ ಅಂತ ಹೆಸರಾದದ್ದು ಇದೇ. ಬೆಳಗ್ಗೆ ಮೊಗ್ಗು ಕೊಯ್ದು ಬಾಳೆ ನಾರಿನಲ್ಲಿ ಕಟ್ಟುತ್ತಾರೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಜ್ಜಿ ಕಟ್ಟುವಾಗ ಇವನು ಪಕ್ಕದಲ್ಲಿ ಕೂತು ಅವರ ಕೈ ಮೇಲೆ ಕೈ ಇಟ್ಟು ಕಲಿತದ್ದು. ಹೂವು ನಲುಗದ ಹಾಗೆ, ಆದರೆ ಜಾರದ ಹಾಗೆ ಬಿಗಿ ಹಿಡಿಯುವುದು ಅವನ ಬೆರಳಿಗೆ ಗೊತ್ತು. ಬಿದಿರು ಕಟ್ಟುವಾಗ ಅಜ್ಜಿ ಬಂದು ಒಂದು ಗಂಟು ಮುಟ್ಟಿ ನೋಡಿ, "ಇದು ಸರಿ ಉಂಟು ಮಗಾ. ಆದರೆ ದಾರದ ಬಾಲ ಇಷ್ಟು ಉದ್ದ ಬಿಡಬೇಡ" ಅಂದರು. ಇವನು ಕತ್ತರಿ ತೆಗೆದುಕೊಂಡು ಎಲ್ಲ ಬಾಲಗಳನ್ನೂ ಕತ್ತರಿಸಿದ.

ಇನ್ನು ಮೂಲೆ. ನಾಲ್ಕು ಕಡ್ಡಿ ಸಮ ಇದ್ದ ಮಾತ್ರಕ್ಕೆ ಚೌಕ ಆಗುವುದಿಲ್ಲ. ಒಂದು ಕಡೆ ಒತ್ತಿದರೆ ವಾಲುತ್ತದೆ. ನಾವು ನೋಡುವವರು ಮೂಲೆಮಟ್ಟ ಇಡುತ್ತೇವೆ, ಅಥವಾ ಕಣ್ಣಂದಾಜು. ಅವನಿಗೆ ದಾರ ಸಾಕು. ನಾಲ್ಕು ಬದಿ ಸಮ ಇದ್ದು, ಮೂಲೆಯಿಂದ ಮೂಲೆಗೆ ಎರಡು ಓರೆ ಅಳತೆಗಳೂ ಸಮ ಬಂದರೆ ಅದು ಚೌಕವೇ. ಪ್ಲೈವುಡ್ ಮೇಲೆ ನಾನು 25ರ ಒಂದು ಸರಿಯಾದ ಚೌಕ ಎಳೆದು, ನಾಲ್ಕು ಮೂಲೆಗೆ ಮೊಳೆ ಹೊಡೆದೆ. ಅವನು ಎದುರುಬದುರು ಮೊಳೆಗಳ ನಡುವೆ ದಾರ ಎಳೆದು ಎರಡು ಕಡೆ ಗಂಟು ಹಾಕಿಕೊಂಡ. 35.4 ಸೆಂಟಿಮೀಟರ್ ಬರುತ್ತದೆ. ಆ ಗಂಟಿನ ದಾರವನ್ನು ಕಟ್ಟಿದ ಚೌಕದ ಮೇಲೆ ಒಂದು ಓರೆಗೆ ಇಟ್ಟು ನೋಡುವುದು, ಇನ್ನೊಂದು ಓರೆಗೆ ಇಟ್ಟು ನೋಡುವುದು. ಗಂಟು ಮೂಲೆ ದಾಟಿ ಹೋದರೆ ಆ ಕಡೆ ಎಳೆಯುವುದು, ಹಿಂದೆ ಉಳಿದರೆ ಒತ್ತುವುದು.

ಈ ದಾರ ಆಮೇಲೆ ನಮಗೆ ತುಂಬಾ ಸಲ ಬಂದೊದಗಿತು. ಗೂಡು ಪೂರ್ತಿ ಆದ ಮೇಲೆ ಅದರ ಎತ್ತರ ಎಷ್ಟು ಅಂತ ಅವನು ಅದೇ ದಾರ ಹಿಡಿದ. ಗಂಟುಗಳು ಸರಿಯಾಗಿ ಮೇಲಿನ ಚೌಕಕ್ಕೆ, ಕೆಳಗಿನ ಚೌಕಕ್ಕೆ ಬಂದು ಕೂತವು! ಯಾಕೆ ಅಂತ ಅವನೇ ಹುಡುಕಿದ. ಪಕ್ಕದ ಚೌಕಗಳು ಮೂಲೆಯ ಮೇಲೆ ನೆಟ್ಟಗೆ ನಿಂತಿವೆ. ಅವುಗಳ ಓರೆ ಅಳತೆಯೇ ಗೂಡಿನ ಎತ್ತರ. ಒಂದು ಮೂಲೆಯಿಂದ ಗೂಡಿನ ಎದುರು ಮೂಲೆಗೆ ಅಳೆದರೆ ಸರಿಯಾಗಿ 50, ಅಂದರೆ ಎರಡು ಕಡ್ಡಿ. ನಟ್ಟನಡುವಿನಿಂದ ಹನ್ನೆರಡು ಮೂಲೆಗೂ 25, ಒಂದೇ ಕಡ್ಡಿಯ ಅಳತೆ. ಬಲ್ಬು ನಡುವೆ ಬಂತಾ ಅಂತ ನೋಡಲು ಆಮೇಲೆ ಇದನ್ನೇ ಬಳಸಿದೆವು. ಒಂದು ಕಡ್ಡಿ ಕೈಯಲ್ಲಿ ಹಿಡಿದು, ಅದರ ಎರಡು ಕಚ್ಚುಗಳಲ್ಲಿ ಒಂದು ಬಲ್ಬಿಗೆ, ಒಂದು ಮೂಲೆಗೆ.

ತಿರುಚುವ ಗೂಡು

ಚೌಕಗಳನ್ನು ಸೇರಿಸಿದ ಕ್ರಮ ಹೀಗೆ. ಕೆಳಗಿನ ಚೌಕ ನೆಲದ ಮೇಲೆ. ಅದರ ನಾಲ್ಕು ಮೂಲೆಗೆ ನಾಲ್ಕು ಚೌಕಗಳ ಒಂದೊಂದು ಮೂಲೆ. ಆ ನಾಲ್ಕನ್ನು ಎತ್ತಿ ನಿಲ್ಲಿಸಿ ಪಕ್ಕದ ಮೂಲೆಗಳನ್ನು ಒಂದಕ್ಕೊಂದು. ಕೊನೆಗೆ ಮೇಲಿನ ಚೌಕ. ಎತ್ತಿ ನಿಲ್ಲಿಸುವಾಗ ಮಾತ್ರ ಇನ್ನೆರಡು ಕೈ ಬೇಕು. ನಾನು ಹಿಡಿದುಕೊಂಡೆ, ಅವನು ಕಟ್ಟಿದ.

ಕಟ್ಟಿ ಮುಗಿದ ಮೇಲೆ ಅವನು ಗೂಡನ್ನು ತೊಡೆಯ ಮೇಲೆ ಇಟ್ಟುಕೊಂಡು, ಒಂದು ಕೈ ಮೇಲಿನ ಚೌಕಕ್ಕೆ, ಒಂದು ಕೈ ಕೆಳಗಿನದಕ್ಕೆ ಹಿಡಿದು ಸುಮ್ನೆ ತಿರುಗಿಸಿ ನೋಡಿದ. ಇಡೀ ಗೂಡು ತಿರುಚಿಕೊಂಡು ಕುಗ್ಗಿತು. ಬಿಟ್ಟರೆ ಮತ್ತೆ ಹಿಂದಕ್ಕೆ. ಅವನಿಗೆ ಅದು ಎಷ್ಟು ಖುಷಿ ಕೊಟ್ಟಿತು ಅಂದರೆ, ಗೂಡುದೀಪ ಮರೆತೇ ಹೋಯಿತು. ತಿರುಚುವುದು, ಒಳಗೆ ಏನಾಗುತ್ತದೆ ಅಂತ ಮುಟ್ಟುವುದು, ಮತ್ತೆ ತಿರುಚುವುದು.

ಇದು ಈ ಆಕಾರದ ಗುಣ. ತ್ರಿಕೋನ ಅಲ್ಲಾಡುವುದಿಲ್ಲ. ಮೂರು ಕಡ್ಡಿ ಕಟ್ಟಿದರೆ ಮುಗಿಯಿತು, ಅದರ ಮೂಲೆ ಬದಲಾಗುವುದಿಲ್ಲ. ಚೌಕ ಮಾತ್ರ ವಾಲುತ್ತದೆ. ತಿರುಚಿದಾಗ ಆರು ಚೌಕಗಳೂ ಒಟ್ಟಿಗೆ ವಾಲುತ್ತವೆ, ಎಂಟು ತ್ರಿಕೋನಗಳು ಒಂದೊಂದೂ ಸ್ವಲ್ಪ ತಿರುಗಿ ಒಳಗೆ ಸರಿಯುತ್ತವೆ. ನಾನು ಇಷ್ಟನ್ನು ಕಣ್ಣಲ್ಲಿ ನೋಡಿ ಅರ್ಥ ಮಾಡಿಕೊಳ್ಳಲು ಒದ್ದಾಡಿದೆ. ಎಂಟೂ ಒಟ್ಟಿಗೆ ತಿರುಗುವುದು ಒಂದು ಕಡೆಯಿಂದ ನೋಡಿದರೆ ಕಾಣುವುದೇ ಇಲ್ಲ. ಎರಡು ಕೈಯಲ್ಲಿ ಹಿಡಿದವನಿಗೆ ಎಲ್ಲ ಕಡೆ ಒಟ್ಟಿಗೆ ತಿಳಿಯುತ್ತದೆ. "ಚೌಕ ಹಿಡಿದರೆ ಸಾಕು ಅಮ್ಮ, ಬೇರೆ ಎಲ್ಲ ತಾನೇ ನಿಲ್ತದೆ" ಅಂತ ಪರಿಹಾರ ಹೇಳಿದ್ದೂ ಅವನೇ.

ಹಿಡಿಯುವುದು ಹೇಗೆ? ಓರೆಗೆ ಒಂದು ಕಡ್ಡಿ ಕಟ್ಟಬಹುದಿತ್ತು. ಆದರೆ ದೀಪ ಹಚ್ಚಿದಾಗ ಕಾಗದದ ಮೇಲೆ ದಪ್ಪ ನೆರಳು ಬೀಳುತ್ತದೆ. ದಾರ ಆದರೆ ಸಣ್ಣ ಗೆರೆ ಮಾತ್ರ. ದಾರಕ್ಕೆ ಎಳೆತ ತಡೆಯಲು ಮಾತ್ರ ಗೊತ್ತು, ಒತ್ತಿದರೆ ಸಡಿಲ ಆಗುತ್ತದೆ. ಹಾಗಾಗಿ ಪ್ರತಿ ಚೌಕಕ್ಕೂ ಎರಡು ದಾರ, ಒಂದರ ಮೇಲೊಂದು ಅಡ್ಡ. ಒಟ್ಟು ಹನ್ನೆರಡು. ಗಂಟಿನ ದಾರದಿಂದ ಅಳೆದು, ಎರಡೂ ಸಮ ಇರುವಾಗ ಬಿಗಿದು ಕಟ್ಟಿದ. ಆಮೇಲೆ ತಿರುಗಿಸಿದರೆ ಗೂಡು ಅಲ್ಲಾಡಲಿಲ್ಲ. ಅವನಿಗೆ ಸ್ವಲ್ಪ ಬೇಸರವೇ ಆಯಿತು. ತಿರುಚಲಿಕ್ಕೆ ಅಂತಲೇ ಸಣ್ಣದೊಂದು ಬೇರೆ ಕಟ್ಟಿಕೊಡು ಅಂದ. ನೀನೇ ಕಟ್ಟು, ಕಡ್ಡಿ ಉಂಟಲ್ಲ ಅಂದೆ. ತೆಂಗಿನ ಗರಿಯ ಕಡ್ಡಿಯಲ್ಲಿ ಕಟ್ಟಿಕೊಂಡಿದ್ದಾನೆ.

ಕಾಗದ

ಬಣ್ಣ ಅವನಿಗೆ ಕಾಣುವುದಿಲ್ಲ. ಆದರೆ ಯಾವ ಬಣ್ಣ ಎಲ್ಲಿ ಅಂತ ತೀರ್ಮಾನಿಸಿದ್ದು ಅವನು. ಚೌಕಕ್ಕೆ ಹಳದಿ, ಮೇಲಿನ ತ್ರಿಕೋನಕ್ಕೆ ಕೆಂಪು, ಕೆಳಗಿನದಕ್ಕೆ ಹಸಿರು. ಕಾಗದದ ಮೂಲೆಯಲ್ಲಿ ಬ್ರೈಲ್ ಸ್ಲೇಟು ಇಟ್ಟು ಚುಕ್ಕೆ ಹಾಕಿಕೊಂಡ. ಕೆಂಪಿಗೆ ಕ ಅಕ್ಷರ, ಬ್ರೈಲ್‌ನ ಆರು ಚುಕ್ಕೆಗಳಲ್ಲಿ 1 ಮತ್ತು 3ನೇ ಚುಕ್ಕೆ. ಹಳದಿ, ಹಸಿರು ಎರಡೂ ಹ. ಅದಕ್ಕೆ ಅವೆರಡಕ್ಕೆ ಎರಡನೇ ಅಕ್ಷರವೂ ಬೇಕಾಯಿತು. ಚುಕ್ಕೆ ಇರುವ ಅಂಚು ಮಡಚಿ ಒಳಗೆ ಹೋಗುವ ಕಡೆಯೇ ಬರಬೇಕು, ಇಲ್ಲದಿದ್ದರೆ ದೀಪದ ಬೆಳಕಲ್ಲಿ ತೂತಿನ ಹಾಗೆ ಕಾಣುತ್ತದೆ ಅಂತ ಹೇಳಿದೆ. ಹಾಗೇ ಮಾಡಿದ.

ಕಾಗದ ಗಾಳಿಪಟದ್ದು, ತೆಳ್ಳಗಿನದು. ಅಂಚಿಗೆ ಒಂದೂವರೆ ಸೆಂಟಿಮೀಟರ್ ಜಾಸ್ತಿ ಬಿಡಬೇಕು, ಬಟ್ಟೆಗೆ ಹೊಲಿಗೆ ಬಿಡುವ ಹಾಗೆಯೇ. ರಟ್ಟಿನಲ್ಲಿ ಒಂದು ಚೌಕ, ಒಂದು ತ್ರಿಕೋನ ಕತ್ತರಿಸಿ ಕೊಟ್ಟೆ. ರಟ್ಟನ್ನು ಕಾಗದದ ಮೇಲೆ ಕ್ಲಿಪ್ ಹಾಕಿ ಹಿಡಿಸಿ, ಅಂಚಿಗೆ ಸ್ಟೀಲ್ ಸ್ಕೇಲ್ ಒತ್ತಿ, ಕಾಗದ ಮೇಲಕ್ಕೆ ಎಳೆದು ಹರಿಯುವುದು. ಕತ್ತರಿಗಿಂತ ನೇರ ಬರುತ್ತದೆ. ನಾಲ್ಕು ಚೌಕ, ಎಂಟು ತ್ರಿಕೋನ. ಮೇಲಿನ, ಕೆಳಗಿನ ಚೌಕ ಖಾಲಿ ಬಿಟ್ಟೆವು.

ಅಂಟು ಮೈದಾದ್ದು. ಒಂದು ಲೋಟ ಮೈದಾಕ್ಕೆ ನಾಲ್ಕು ಲೋಟ ನೀರು. ತಣ್ಣೀರಲ್ಲೇ ಗಂಟಿಲ್ಲದ ಹಾಗೆ ಕಲಸಿ, ಆಮೇಲೆ ಒಲೆ ಮೇಲಿಟ್ಟು, ಬಿಳುಪು ಹೋಗಿ ಸ್ವಲ್ಪ ಪಾರದರ್ಶಕ ಆಗುವವರೆಗೆ ತಿರುವಬೇಕು. ಹುಳ ಬಾರದಿರಲಿ ಅಂತ ಮೈಲುತುತ್ತು ಹಾಕುವವರು ಇದ್ದಾರೆ. ತೋಟದ ಮನೆಗಳಲ್ಲಿ ಅಡಿಕೆಗೆ ಹೊಡೆಯಲು ಅದು ಹೇಗೂ ಇರುತ್ತದೆ. ದಯವಿಟ್ಟು ಮಕ್ಕಳ ಕೆಲಸಕ್ಕೆ ಹಾಕಬೇಡಿ, ಅದು ವಿಷ. ಬೆರಳಿನಿಂದಲೇ ಅಂಟು ಸವರುವ, ಬೆರಳಿನಿಂದಲೇ ಅಂಚು ಹುಡುಕುವ ಮಗುವಿಗೆ ಅಂತೂ ಬೇಡವೇ ಬೇಡ.

ಗ್ಲಾಸ್ ಪೇಪರ್ ತಂದಿದ್ದೆವು, ಮಳೆಗೆ ತಡೆಯಲಿ ಅಂತ. ಈಗ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಪ್ಲಾಸ್ಟಿಕ್ ಹಾಳೆ. ಮೈದಾ ಅಂಟು ಅದಕ್ಕೆ ಹಿಡಿಯುವುದೇ ಇಲ್ಲ, ಒಣಗಿದ ಮೇಲೆ ಸಿಪ್ಪೆ ಎದ್ದು ಬರುತ್ತದೆ. ಡಬಲ್ ಸೈಡ್ ಟೇಪೇ ಬೇಕು. ಮೇಲಿನ ಚೌಕಕ್ಕೆ ಮುಚ್ಚಳದ ಹಾಗೆ, ಮೇಲಿನ ನಾಲ್ಕು ತ್ರಿಕೋನಗಳಿಗೆ ಕಾಗದದ ಮೇಲೆ ಹೊದಿಕೆಯ ಹಾಗೆ ಅದನ್ನು ಹಾಕಿದೆವು.

ಹೊದಿಕೆ ಹಾಕುವ ಮೊದಲು ಒಂದು ಕೆಲಸ ಇದೆ. ಅಂಟಿಸಿದ ಕಾಗದ ಎಷ್ಟು ಎಳೆದರೂ ಸ್ವಲ್ಪ ಜೋಲು ಇರುತ್ತದೆ. ಅಂಟು ಒಣಗಿದ ಮೇಲೆ ಕಾಗದಕ್ಕೆ ತೆಳ್ಳಗೆ ನೀರು ಚಿಮುಕಿಸಿ ಮತ್ತೆ ಒಣಗಲು ಬಿಟ್ಟರೆ ಅದು ಕುಗ್ಗಿ ಬಿಗಿಯಾಗುತ್ತದೆ. ಇಸ್ತ್ರಿ ಮಾಡುವಾಗ ನೀರು ಚಿಮುಕಿಸುವ ಬಾಟಲಿ ನನ್ನ ಹತ್ತಿರ ಇತ್ತು. ಮಗ ಒಂದೊಂದೇ ಮುಖಕ್ಕೆ ಕಿವಿ ಹಿಡಿದು, ಬೆರಳಲ್ಲಿ ತಟ್ಟುತ್ತಾ, ಮದ್ದಳೆ ಶ್ರುತಿ ಮಾಡುವವರ ಹಾಗೆ ಕೇಳಿದ. ಸದ್ದು ಇಳಿದ ಕಡೆ ಕಾಗದ ಸಡಿಲ, ಏರಿದ ಕಡೆ ಬಿಗಿ. ಸಡಿಲ ಇದ್ದದ್ದಕ್ಕೆ ಮತ್ತೆ ನೀರು. ಹನ್ನೆರಡು ಮುಖಗಳೂ ಹೆಚ್ಚುಕಡಿಮೆ ಒಂದೇ ಸದ್ದಿಗೆ ಬಂದವು. ಕಣ್ಣಿದ್ದ ನಾನು ಇದನ್ನು ಇಷ್ಟು ಚೆನ್ನಾಗಿ ಮಾಡುತ್ತಿರಲಿಲ್ಲ.

ಗೂಡಿಗೆ ಇಳಿಬಿಡುವ ಬಾಲಗಳಿಗೆ ಗ್ಲಾಸ್ ಪೇಪರನ್ನೇ ಆರಿಸಿದ, ಗಾಳಿಗೆ ಸರಸರ ಸದ್ದು ಮಾಡುತ್ತದೆ ಅಂತ. ಹಾಳೆಯ ಒಂದು ಅಂಚಿಗೆ ಉದ್ದ ಕ್ಲಿಪ್ ಹಾಕಿದರೆ ಕತ್ತರಿ ಅಲ್ಲಿಗೆ ತಾಗಿ ನಿಲ್ಲುತ್ತದೆ, ಹಾಳೆ ಪೂರ್ತಿ ತುಂಡಾಗುವುದಿಲ್ಲ. ಹೀಗೆ ಎರಡು ಬೆರಳಗಲದ ಪಟ್ಟಿಗಳು. ಮಧ್ಯದ ನಾಲ್ಕು ಮೂಲೆಗೆ, ಕೆಳಗಿನ ನಾಲ್ಕು ಮೂಲೆಗೆ.

ಬೆಳಕು, ಹಗ್ಗ

ಗೋಡೆಯ ಕರೆಂಟು ಬೇಡ ಅಂತ ಮೊದಲೇ ಗಟ್ಟಿ ಮಾಡಿದ್ದೆ. ದೀಪಾವಳಿ ಹೊತ್ತಿಗೆ ನಮ್ಮಲ್ಲಿ ಸಂಜೆ ಗುಡುಗು ಮಳೆ ಬರುತ್ತಲೇ ಇರುತ್ತದೆ. ಅವನು ಹೋಲ್ಡರ್, ತಂತಿ ಎಲ್ಲ ಮುಟ್ಟಿಯೇ ತಿಳಿಯಬೇಕು. ಹಾಗಾಗಿ 5 ವೋಲ್ಟಿನ ಯುಎಸ್‌ಬಿ ಎಲ್ಇಡಿ ಬಲ್ಬು. ಮೊಬೈಲ್ ಚಾರ್ಜರ್‌ನಿಂದ ಉದ್ದ ತಂತಿ ಎಳೆದು ನೋಡಿದರೆ ಬೆಳಕು ಮಂಕು. ಇಷ್ಟು ಕಡಿಮೆ ವೋಲ್ಟಿಗೆ ಸಪೂರ ತಂತಿ ಉದ್ದ ಆದಷ್ಟೂ ಕೊನೆಗೆ ಸಿಗುವುದು ಕಡಿಮೆ. ಕೊನೆಗೆ ಪವರ್ ಬ್ಯಾಂಕನ್ನೇ ಒಂದು ಬಟ್ಟೆ ಚೀಲಕ್ಕೆ ಹಾಕಿ, ಮೇಲಿನ ಚೌಕದ ಕೆಳಗೆ ತೂಗುಹಾಕಿದೆವು. ಬಲ್ಬು ಅದರ ಕೆಳಗೆ, ಗೂಡಿನ ನಟ್ಟನಡುವೆ. ತಂತಿಯ ಮಧ್ಯೆ ಸ್ವಿಚ್ಚು. ಆನ್ ಆಗುವ ಕಡೆಗೆ ಫೆವಿಕಾಲಿನ ಒಂದು ಹನಿ ಒಣಗಿಸಿ ಉಬ್ಬು ಮಾಡಿದ್ದೇವೆ.

ತೂಗುವುದಕ್ಕೆ ಮೇಲಿನ ನಾಲ್ಕು ಮೂಲೆಯಿಂದ ನಾಲ್ಕು ದಾರ, ಒಂದು ಬಳೆಗೆ. ದಾರ ಸ್ವಲ್ಪ ಹೆಚ್ಚುಕಡಿಮೆ ಆದರೂ ಗೂಡು ವಾಲುತ್ತದೆ. ಮೇಲಿನ ಚೌಕದ ಮೇಲೆ ರಟ್ಟು ಇಟ್ಟು, ಅದರ ಮೇಲೆ ಒಂದು ಗೋಲಿ ಬಿಟ್ಟ. ಗೋಲಿ ಉರುಳಿದ ಸದ್ದು ಯಾವ ಕಡೆಗೆ ಹೋಯಿತೋ ಆ ಕಡೆಯ ದಾರ ಗಿಡ್ಡ ಮಾಡುವುದು. ಗೋಲಿ ನಿಂತಲ್ಲೇ ನಿಲ್ಲುವವರೆಗೆ ಬಿಡಲಿಲ್ಲ.

ಹಿಂದೆ ಎಣ್ಣೆ ದೀಪ ಇಡುತ್ತಿದ್ದಾಗ ಗೂಡನ್ನು ದಿನಾ ಇಳಿಸಿ ಏರಿಸಬೇಕಿತ್ತು, ಅದಕ್ಕೆ ಕಂಬದ ತುದಿಗೆ ರಾಟೆ ಇರುತ್ತಿತ್ತು. ನಾವೂ ರಾಟೆ ಹಾಕಿದೆವು, ಮಾಡಿನ ತುದಿಯ ಪಕ್ಕಾಸಿಗೆ. ನಾನು ಏರಿಸಿಕೊಟ್ಟು ಅವನು ಕೆಳಗೆ ನಿಂತು ಕೇಳುವ ಹಾಗೆ ಆಗಬಾರದು ಅಲ್ವಾ? ಹಗ್ಗದಲ್ಲಿ ಮೂರು ಗಂಟು. ಮೊದಲನೆಯದು ಕೈಗೆ ಬಂದರೆ ಗೂಡು ನೆಲ ಬಿಟ್ಟಿದೆ, ಎರಡನೆಯದು ಬಂದರೆ ಅವನ ತಲೆಯ ಮಟ್ಟ, ಮೂರನೆಯದು ಬಂದರೆ ಪೂರ್ತಿ ಮೇಲೆ. ಕಂಬದ ಎರಡು ಮೊಳೆಗೆ ಎಂಟರ ಆಕಾರದಲ್ಲಿ ಸುತ್ತಿ ಬಿಡುತ್ತಾನೆ.

ಮೊದಲ ಸಲ ಹಚ್ಚಿ ಏರಿಸಿದ ಸಂಜೆ ಅಜ್ಜಿ, ಬದಿಯ ಮನೆಯವರು ಎಲ್ಲ ಅಂಗಳದಲ್ಲಿ ಇದ್ದರು. ಅವನು ಹಗ್ಗ ಎಳೆಯುತ್ತಾ ಎಳೆಯುತ್ತಾ ಮುಖ ಮೇಲೆತ್ತಿದ. "ಈಗ ಮೇಲೆ ಉಂಟು" ಅಂದ, ಮೂರನೇ ಗಂಟು ಕೈಗೆ ಬರುವ ಮೊದಲೇ. ಬಲಿಯೇಂದ್ರ ಪೂಜೆಯ ರಾತ್ರಿ ಬಲಿ ಚಕ್ರವರ್ತಿಯನ್ನು ಕರೆಯುತ್ತಾ "ಕೂ" ಹಾಕುವಾಗ ಅವನ ಸ್ವರವೇ ಎಲ್ಲರಿಗಿಂತ ಜೋರಾಗಿತ್ತು.

ಕಾರ್ತಿಕ ಮುಗಿಯುವವರೆಗೆ ಗೂಡು ತೂಗಿತು. ಒಂದು ಜೋರು ಮಳೆಗೆ ಪಕ್ಕದ ಒಂದು ಹಳದಿ ಚೌಕ ಹರಿಯಿತು. ಅವನು ಇಳಿಸಿ, ಒದ್ದೆ ಬಟ್ಟೆಯಿಂದ ಹಳೇ ಅಂಟು ನೆನೆಸಿ ತೆಗೆದು, ಹೊಸ ಕಾಗದ ಹಾಕಿದ. ಮುಂದಿನ ಸಲ ಪಕ್ಕದ ಚೌಕಗಳಿಗೂ ಗ್ಲಾಸ್ ಪೇಪರ್ ಹೊದಿಕೆ ಬೇಕು. ಬಿದಿರಿನ ಗಂಟು ಒಂದೂ ಸಡಿಲ ಆಗಿಲ್ಲ.

ಈಗ ಬದಿಯ ಮನೆಯ ಬಾಯಮ್ಮ ಕ್ರಿಸ್‌ಮಸ್‌ಗೆ ಒಂದು ನಕ್ಷತ್ರ ಕೇಳಿದ್ದಾರೆ. ನನ್ನನ್ನು ಕೇಳಲಿಲ್ಲ, ಸೀದಾ ಅವನನ್ನೇ ಕೇಳಿದರು. ಒಂದು ಮುಖಕ್ಕೆ ಐದು ಉದ್ದ ಕಡ್ಡಿ, ಎರಡು ಮುಖಕ್ಕೆ ಹತ್ತು. ತುದಿಗಳನ್ನು ಸೇರಿಸಿ ಕಟ್ಟಿ, ಒಳಗಿನ ಐದು ಮೂಲೆಗಳಲ್ಲಿ ಗಿಡ್ಡ ಕಡ್ಡಿ ಸಿಕ್ಕಿಸಿದರೆ ಹೊಟ್ಟೆ ಉಬ್ಬುತ್ತದೆ. ಕಡ್ಡಿ 60 ಸೆಂಟಿಮೀಟರ್ ಬೇಕು, ನಮ್ಮ ಹಲಗೆ ಅಷ್ಟು ಉದ್ದ ಇಲ್ಲ. ಅಡ್ಡ ಮರ ಕಿತ್ತು, ಇನ್ನೆರಡು ರೀಪು ಸೇರಿಸಿ ಉದ್ದ ಮಾಡಬೇಕು. ರೀಪಿಗೆ ನಾಳೆ ಆಚಾರಿಯವರ ಹತ್ತಿರ ಅವನೇ ಹೋಗಿ ಕೇಳುತ್ತಾನಂತೆ.